ತಂಗಡಿ ಹೂವು ಕೊಳ್ಳುವುದಾದರೆ ಇಡೀ ಹೂವೇ ಕೊಳ್ಳಿ

ತುಮಕೂರು ಪೇಟೆಯ ಒಂದು ಹಳೇ ಗ್ರಂಧಿಗೆ ಅಂಗಡಿಯಿಂದ ಒಣಗಿಸಿದ ತಂಗಡಿ ಹೂವು ತಂದೆ. ಆವರಿಕೆ ಅಂದರೂ ಇದೇ. 100 ಗ್ರಾಮಿಗೆ 70 ರೂಪಾಯಿ. ನನಗಂತೂ ತುಂಬಾ ಹಿಡಿಸಿತು.

ನಾನು ಪಾವಗಡದ ಕಡೆಯವಳು. ಅಲ್ಲಿ ಹೊಲದ ಬದುವಿನಲ್ಲಿ, ಗುಡ್ಡದ ಬುಡದಲ್ಲಿ, ಮಳೆ ಕೈಕೊಟ್ಟ ವರ್ಷವೂ ಈ ಗಿಡ ಹಳದಿ ಹೂ ಬಿಟ್ಟುಕೊಂಡು ನಿಂತಿರುತ್ತದೆ. ಹೂವಿನ ಗುರುತು ಚೆನ್ನಾಗಿಯೇ ಇದೆ. ಅದಕ್ಕೇ ಮೊದಲು ಆನ್‌ಲೈನಿನಲ್ಲಿ ತರಿಸಿದ್ದ ತಂಗಡಿ ಹೂವಿನ ಪುಡಿ ನೋಡಿ ಬೇಜಾರಾಗಿತ್ತು. ಮಾಸಲು ಕಂದು ಬಣ್ಣ, ಒಣಹುಲ್ಲಿನ ವಾಸನೆ. ಅದರಲ್ಲಿ ಹೂವೆಷ್ಟು, ಎಲೆ ಎಷ್ಟು, ಕಡ್ಡಿ ಎಷ್ಟು ಅಂತ ಹೇಗೆ ಹೇಳುವುದು? ಪೊಟ್ಟಣದ ಮೇಲೆ ಮಾತ್ರ ಸಕ್ಕರೆ ಕಾಯಿಲೆ ಪೂರ್ತಿ ವಾಸಿ ಅಂತ ದಪ್ಪಕ್ಷರ. ಅದು ಸಿಟ್ಟು ತರಿಸಿತು. ಇಲಿಗಳ ಮೇಲಿನ ಪ್ರಯೋಗದಲ್ಲಿ ಸಕ್ಕರೆ ಇಳಿದದ್ದು ನಿಜ. ಅಷ್ಟನ್ನೇ ನಂಬಿ ಯಾರಾದರೂ ಮಾತ್ರೆ ಬಿಟ್ಟರೆ ಗತಿ ಏನು? ಸಕ್ಕರೆ ಕಾಯಿಲೆಗೆ ಮಾತ್ರೆ ತಗೊಳ್ಳುವವರು ಡಾಕ್ಟರನ್ನು ಕೇಳದೆ ಇದರ ಕಷಾಯ ದಿನಾ ಕುಡಿಯಲೂಬೇಡಿ. ಎರಡೂ ಸೇರಿ ಸಕ್ಕರೆ ಜಾಸ್ತಿ ಇಳಿದುಬಿಡಬಹುದು.

ಈ ಅಂಗಡಿಯವರು ಅಂಥ ಮಾತೇನೂ ಆಡಲಿಲ್ಲ. ಗೋಣಿಚೀಲದ ಬಾಯಿ ಬಿಚ್ಚಿ, "ಮುರಿದು ನೋಡಮ್ಮ, ಗರಿಗರಿ ಇಲ್ಲ ಅಂದ್ರೆ ತಗೋಬೇಡಿ" ಅಂದರು. ಮನೆಗೆ ಬಂದು ಒಂದು ಹೂವನ್ನು ಬೆಚ್ಚಗಿನ ನೀರಿಗೆ ಹಾಕಿದೆ. ನಿಧಾನಕ್ಕೆ ಬಿಚ್ಚಿಕೊಂಡಿತು. ಅಂಚು ಸುಕ್ಕಾದ ಐದು ಎಸಳು, ನಡುವೆ ಕೊಕ್ಕಿನ ಹಾಗೆ ಬಾಗಿದ ಕೇಸರ. ತಂಗಡಿಯೇ, ಅನುಮಾನವಿಲ್ಲ. ಪುಡಿಯಲ್ಲಿ ಹೀಗೆ ಪರೀಕ್ಷೆ ಮಾಡೋಕಾಗುತ್ತಾ?

ಒಂದು ಲೋಟ ನೀರು ಕುದಿಸಿ, ಇಳಿಸಿ, ಒಂದು ಚಿಟಿಕೆ ಹೂವು ಹಾಕಿ ಮುಚ್ಚಿಟ್ಟರೆ ಕಷಾಯ ತಿಳಿ ಹಳದಿಯಾಗುತ್ತದೆ. ಒಲೆ ಮೇಲೇ ಬಿಟ್ಟರೆ ಒಗರು ಜಾಸ್ತಿ. ಈ ಗಿಡದ ಗುಣವೇ ಒಗರು. ಇದರ ತೊಗಟೆಯಿಂದ ಹಿಂದೆ ಚರ್ಮ ಹದ ಮಾಡುತ್ತಿದ್ದರು ಅಲ್ವಾ! ಚೂರು ಬೆಲ್ಲ ಹಾಕಿದರೆ ನಮ್ಮತ್ತೆಯೂ ಕುಡಿಯುತ್ತಾರೆ.

ಉಳಿದದ್ದನ್ನು ಹೆಸರುಕಾಳು, ಕಸ್ತೂರಿ ಅರಿಶಿನದ ಜೊತೆ ಮಿಕ್ಸಿಗೆ ಹಾಕಿ ಸ್ನಾನದ ಪುಡಿ ಮಾಡಿಕೊಂಡೆ. ಬೇಸಿಗೆಯಲ್ಲಿ ಮೈಗೆ ತಂಪು. ಸೋಪಿನ ಹಾಗೆ ಚರ್ಮ ಬಿಗಿಯುವುದಿಲ್ಲ. ಸುಮ್ನೆ ಹೇಳುತ್ತಿಲ್ಲ, ನನಗೆ ಕಷಾಯಕ್ಕಿಂತ ಇದೇ ಇಷ್ಟ.

ಒಂದು ದೂರು ಇದೆ. ತೊಟ್ಟು, ಒಣ ಕಾಯಿ ಸ್ವಲ್ಪ ಜಾಸ್ತಿಯೇ ಇದ್ದವು. ಮೊರಕ್ಕೆ ಹಾಕಿ ಆರಿಸಿಕೊಳ್ಳಬೇಕು. ಕೊಡುವುದೂ ತೆಳು ಪ್ಲಾಸ್ಟಿಕ್ ಕವರಿನಲ್ಲಿ. ತಂದ ತಕ್ಷಣ ಗಾಜಿನ ಡಬ್ಬಿಗೆ ಹಾಕಿ ಬಿಗಿಯಾಗಿ ಮುಚ್ಚಿಡಿ. ಇಲ್ಲದಿದ್ದರೆ ಮಳೆಗಾಲದಲ್ಲಿ ಮೆತ್ತಗಾಗಿ ಬೂಷ್ಟು ಹಿಡಿಯುತ್ತದೆ.