ಭಿಕ್ಷುಕರ ಸೆಸ್ ಕಟ್ಟುವವರಿಗೊಂದು ರಿವ್ಯೂ: ಗಾಡಿಗೆ 1 ಸ್ಟಾರ್, ಆಶ್ರಯ ಕೇಂದ್ರಕ್ಕೆ 4

ಬೆಂಗಳೂರಿನಲ್ಲಿ ಸ್ವಂತ ಮನೆ ಇರುವವರು ಆಸ್ತಿ ತೆರಿಗೆ ಕಟ್ಟುವಾಗ ಅದರ ಮೇಲೆ ಸೆಸ್ ಅಂತಲೂ ಕಟ್ಟುತ್ತೀರಿ ಅಲ್ವಾ? ಅದರಲ್ಲಿ ಆರೋಗ್ಯ, ಗ್ರಂಥಾಲಯದ ಜೊತೆ ಭಿಕ್ಷುಕರ ಸೆಸ್ಸೂ ಇದೆ, 3%. ತೆರಿಗೆ 10,000 ರೂಪಾಯಿ ಆದರೆ ಇದಕ್ಕೆ 300. ದುಡ್ಡು ಕೊಟ್ಟು ತಗೊಂಡ ಸೇವೆ ಅಂದ ಮೇಲೆ ಅದು ಹೇಗಿದೆ ಅಂತ ಕೇಳುವ ಹಕ್ಕು ನಮಗಿದೆ.

ಈ ದುಡ್ಡು ಮಾಗಡಿ ರಸ್ತೆಯ ಸುಮನಹಳ್ಳಿಯಲ್ಲಿರುವಂಥ ನಿರಾಶ್ರಿತರ ಪರಿಹಾರ ಕೇಂದ್ರಗಳಿಗೆ ಹೋಗಬೇಕು. ಜನ ಅದನ್ನು ಈಗಲೂ ಬೆಗ್ಗರ್ಸ್ ಕಾಲೋನಿ ಅಂತಲೇ ಕರೆಯೋದು. ಊಟ, ಬಟ್ಟೆ, ಔಷಧಿ, ಒಂದಿಷ್ಟು ಕೆಲಸ ಕಲಿಸೋದು, ಎಲ್ಲ ಲೆಕ್ಕದಲ್ಲಿದೆ. ಆದರೆ ಕರ್ನಾಟಕದ 1975ರ ಭಿಕ್ಷಾಟನೆ ನಿಷೇಧ ಕಾಯ್ದೆ ಪ್ರಕಾರ ಬೇಡುವವರನ್ನು ವಾರಂಟ್ ಇಲ್ಲದೆ ಹಿಡಿದು ಗಾಡಿಗೆ ಹತ್ತಿಸಿ ಇಲ್ಲಿಗೆ ತರಬಹುದು, ವರ್ಷಗಟ್ಟಲೆ ಒಳಗಿಡಬಹುದು. ನಾನು 1 ಸ್ಟಾರ್ ಕೊಟ್ಟಿದ್ದು ಈ ಗಾಡಿಗೇ. 2010ರ ಆಗಸ್ಟ್‌ನಲ್ಲಿ ಕೆಲವೇ ದಿನಗಳಲ್ಲಿ ಅಲ್ಲಿ 20ಕ್ಕೂ ಹೆಚ್ಚು ಜನ ವಾಂತಿಭೇದಿಯಿಂದ ಸತ್ತರು. ಹಿಡಿಸಲಾರದಷ್ಟು ಜನರನ್ನು ತುಂಬಿದ್ದರು. ಆಮೇಲೆ ಸುಧಾರಣೆ ಆಗಿದೆ ಅಂತಾರೆ, ಆಗಿರಲಿ. ಪಾಲಿಕೆ ನಮ್ಮಿಂದ ವಸೂಲಿ ಮಾಡಿದ ಸೆಸ್ ಪೂರ್ತಿ ಅಲ್ಲಿಗೆ ತಲುಪಿಲ್ಲ, ಕೋಟಿಗಟ್ಟಲೆ ಬಾಕಿ ಇದೆ ಅನ್ನೋ ಸುದ್ದಿಯಂತೂ ಪೇಪರಿನಲ್ಲಿ ಮತ್ತೆ ಮತ್ತೆ ಬಂದಿದೆ.

ಇನ್ನೊಂದು ಸೇವೆ ವಸತಿರಹಿತರ ಆಶ್ರಯ ಕೇಂದ್ರ. ಇದು ಸೆಸ್ ದುಡ್ಡಿನದಲ್ಲ, ಬೇರೆ ಯೋಜನೆ. ನಾನು ನೋಡಿದ್ದು ಮಾರ್ಕೆಟ್ ಹತ್ತಿರದ ಒಂದು ಕೇಂದ್ರ. ನಮ್ಮ ಸಿಗ್ನಲ್‌ನಲ್ಲಿ ಕೂರುತ್ತಿದ್ದ ತಾತನನ್ನು ಕರೆದುಕೊಂಡು ಹೋಗಿದ್ದೆ. ಬಾಗಿಲಲ್ಲೇ ನಿಂತುಬಿಟ್ಟರು. "ಬೀಗ ಹಾಕ್ತಾರಾ ಸ್ವಾಮಿ?" ಅಂದರು. ಅಲ್ಲಿದ್ದ ಮೇಲ್ವಿಚಾರಕ ಹುಡುಗ "ಇಲ್ಲ ತಾತ, ಬೆಳಿಗ್ಗೆ ಎದ್ದು ನಿಮ್ಮ ಪಾಡಿಗೆ ಹೋಗಿ, ಸಂಜೆ ಬನ್ನಿ" ಅಂತ ಹೇಳಿ, ಹೆಸರು ಬರೆದುಕೊಂಡು, ಚಾಪೆ, ಹೊದಿಕೆ ಮತ್ತು ಚೀಲ ಇಡಲು ಒಂದು ಪೆಟ್ಟಿಗೆ ಕೊಟ್ಟ. ಆಧಾರ್ ಇಲ್ಲ ಅಂದಿದ್ದಕ್ಕೆ ವಾಪಸ್ ಕಳಿಸಲಿಲ್ಲ, ಮಾಡಿಸೋಣ ಅಂದ. ಆಧಾರ್ ಆದರೆ ವೃದ್ಧಾಪ್ಯ ಪಿಂಚಣಿಗೆ ಅರ್ಜಿ ಹಾಕಬಹುದು, ಪಿಂಚಣಿ ಬಂದರೆ ಸಿಗ್ನಲ್‌ನಲ್ಲಿ ಕೈ ಚಾಚುವ ದಿನಗಳು ತಾವಾಗೇ ಕಡಿಮೆ ಆಗುತ್ತವೆ.

ಗಾಡಿಗೂ ಇದಕ್ಕೂ ಇರುವ ವ್ಯತ್ಯಾಸ ಇಷ್ಟೇ. ಗಾಡಿ ಕಂಡರೆ ಜನ ಓಡುತ್ತಾರೆ, ಓಡುವವರಿಗೆ ಔಷಧಿ ಕೊಡೋಕಾಗಲ್ಲ, ಪಿಂಚಣಿ ಮಾಡಿಸೋಕಂತೂ ಆಗೋದೇ ಇಲ್ಲ. ಇಂದೋರಿನಲ್ಲಿ 2025ರ ಜನವರಿಯಿಂದ ಭಿಕ್ಷೆ ಕೊಟ್ಟವರ ಮೇಲೂ ಕೇಸು ಹಾಕುವುದಾಗಿ ಹೇಳಿದರು, ನಮ್ಮಲ್ಲೂ ಹಾಗೇ ಮಾಡಿ ಅನ್ನುವವರಿದ್ದಾರೆ. ನನಗೆ ಅದು ಖಂಡಿತ ಒಪ್ಪಿಗೆಯಿಲ್ಲ. 2018ರಲ್ಲಿ ದೆಹಲಿ ಹೈಕೋರ್ಟ್ ಭಿಕ್ಷೆ ಬೇಡುವುದನ್ನು ಅಪರಾಧ ಮಾಡಿದ್ದ ಕಲಮುಗಳನ್ನು ಅಲ್ಲಿಯ ಮಟ್ಟಿಗೆ ರದ್ದು ಮಾಡಿತು. 2021ರಲ್ಲಿ ಸುಪ್ರೀಂ ಕೋರ್ಟ್ ಕೂಡ, ಬಡತನದಿಂದ ಬೇಡುವವರನ್ನು ಬೀದಿಯಿಂದ ಓಡಿಸಿ ಅಂತ ಆದೇಶ ಕೊಡಲು ಒಪ್ಪಲಿಲ್ಲ. ನಮ್ಮ ಕಾಯ್ದೆ ಮಾತ್ರ ಹಾಗೇ ಕೂತಿದೆ.

ಆಶ್ರಯ ಕೇಂದ್ರಕ್ಕೆ ಒಂದು ಸ್ಟಾರ್ ಕಳೆದಿದ್ದು ಯಾಕೆ ಅಂದರೆ, ಅದು ಮೊದಲನೇ ಮಹಡಿಯಲ್ಲಿದೆ. ಮೆಟ್ಟಿಲು ಕಡಿದಾಗಿದೆ, ಹಿಡಿದುಕೊಳ್ಳಲು ಕಂಬಿ ಒಂದೇ ಕಡೆ. ಕಾಲಿಲ್ಲದವರು, ಮಂಡಿ ನೋವಿನವರೇ ಜಾಸ್ತಿ ಬರುವ ಜಾಗಕ್ಕೆ ಮೆಟ್ಟಿಲು ಯಾಕೆ ಬೇಕಿತ್ತು? ಹೆಂಗಸರಿಗೆ ಅಲ್ಲಿ ಜಾಗವೇ ಇಲ್ಲ, ಬೇರೆ ಕೇಂದ್ರ ಹುಡುಕಬೇಕು. ಒಂದು ಲಕ್ಷ ಜನರಿಗೆ ಒಂದು ಕೇಂದ್ರ, ಅದೂ 24 ಗಂಟೆ ತೆರೆದಿರಬೇಕು ಅನ್ನೋದು ಸುಪ್ರೀಂ ಕೋರ್ಟ್ ಹೇಳಿದ ಲೆಕ್ಕ. ಕೋಟಿ ದಾಟಿದ ಬೆಂಗಳೂರಿಗೆ ಆ ಲೆಕ್ಕದಲ್ಲಿ ನೂರಕ್ಕೂ ಹೆಚ್ಚು ಬೇಕು.

ಯಾರನ್ನಾದರೂ ಕರೆದುಕೊಂಡು ಹೋಗುವುದಿದ್ದರೆ ಮೊದಲು ನೀವೇ ಹೋಗಿ ಮೆಟ್ಟಿಲು ನೋಡಿ, ಹಗಲು ಇರೋಕೆ ಬಿಡ್ತಾರಾ ಕೇಳಿ. ಸಂಜೆ 7ರೊಳಗೆ ಹೋದರೆ ಒಳ್ಳೆಯದು, ಆಮೇಲೆ ಹೊದಿಕೆ ಸಿಗೋದು ಕಷ್ಟ.