ರೋಝಾನ್ ಕೇಳಲು ಹೋದವಳಿಗೆ ಸಿಕ್ಕ ಜೆರೇನಿಯಂ: ಕೆಲಗೇರಿ ಕಡೆಯ ಒಂದು ನರ್ಸರಿ

ಧಾರವಾಡದ ನರ್ಸರಿಗಳಲ್ಲಿ ಜೆರೇನಿಯಂ ಹೂಗಿಡ ಕೇಳಿದರೆ ಸಾಮಾನ್ಯವಾಗಿ ಇದ್ದದ್ದನ್ನು ಎತ್ತಿ ಕೈಗಿಡುತ್ತಾರೆ. ಕೆಲಗೇರಿ ಕಡೆಯ ಈ ನರ್ಸರಿಯವರು ಮಾತ್ರ ಮೊದಲು ಕೇಳಿದ್ದು, "ಎಲ್ಲಿ ಹಚ್ಚವರಿದ್ದೀರಿ ಅಕ್ಕಾರ, ನೆಲದಾಗೋ ಕುಂಡದಾಗೋ? ಬಿಸಿಲು ಎಷ್ಟೊತ್ತು ಬೀಳತೈತಿ?"

ನನ್ನ ಮನಸ್ಸಿನಲ್ಲಿದ್ದದ್ದು ರೋಝಾನ್ ಎಂಬ ಜೆರೇನಿಯಂ ತಳಿ. ನಡುವೆ ಬಿಳುಪು, ಸುತ್ತ ನೀಲಿ-ನೇರಳೆ. ಇಂಗ್ಲೆಂಡಿನ ಸಾಮರ್ಸೆಟ್‌ನ ಮನೆತೋಟವೊಂದರಲ್ಲಿ ಸಿಕ್ಕ ತಳಿ, 2000ದಲ್ಲಿ ಮಾರಾಟಕ್ಕೆ ಬಂತು. ಹಿಮಾಲಯದ ಎರಡು ಜೆರೇನಿಯಂಗಳು ಬೆರೆತು ಹುಟ್ಟಿದ್ದು. ಅದರ ಬೀಜವೆಂದು ಆನ್‌ಲೈನ್‌ನಲ್ಲಿ ನೋಡಿದ್ದೆ ಎಂದಾಗ ಅವರು ತಲೆ ಅಲ್ಲಾಡಿಸಿದರು. "ಅದು ಬೀಜಾನ ಕಟ್ಟಂಗಿಲ್ರಿ, ಬೇರು ಒಡದ ಹಚ್ಚಬೇಕು. ಥಂಡಿಯೊಳಗ ಮ್ಯಾಲಿನ ಸೊಪ್ಪೆಲ್ಲಾ ಒಣಗಿ ಬೇರು ಮಲಗೋ ಜಾತಿ ಅದು. ನಮ್ಮ ಏಪ್ರಿಲ್ ಬಿಸಿಲಿಗೆ ತಡಿಯಂಗಿಲ್ಲ. ರೊಕ್ಕ ಹಾಳು ಮಾಡ್ಕೋಬ್ಯಾಡ್ರಿ." ಅಂಗಡಿಯವರೇ ಹೀಗೆ ಹೇಳಿದರೆ ಮುಂದಿನ ಮಾತನ್ನೂ ನಂಬಬೇಕೆನಿಸುತ್ತದೆ.

ನಂಬಿ ತಂದದ್ದು ಅವರಲ್ಲಿದ್ದ ಕುಂಡದ ಜೆರೇನಿಯಂ, ಅಂದರೆ ಪೆಲಾರ್ಗೋನಿಯಂ; ಕರೆಯುವುದು ಜೆರೇನಿಯಂ ಎಂದಾದರೂ ರೋಝಾನ್‌ಗಿಂತ ಬೇರೆಯೇ ಕುಲದ ಗಿಡ. ದಕ್ಷಿಣ ಆಫ್ರಿಕಾ ಮೂಲದ್ದು, ದಂಟಿನಲ್ಲೇ ನೀರು ಹಿಡಿದಿಟ್ಟುಕೊಳ್ಳುತ್ತದೆ, ನೀರು ನಿಂತರೆ ಬುಡ ಕಪ್ಪಾಗಿ ಕೊಳೆಯುತ್ತದೆ. ಇಲ್ಲೇ ಈ ನರ್ಸರಿಯ ಕೆಲಸ ಕಾಣುವುದು. ಹೊರಗಿನಿಂದ ಬರುವ ಗಿಡಗಳ ಬೇರಿನ ಸುತ್ತ ಬರೀ ಕೋಕೋಪೀಟ್ (ತೆಂಗಿನ ನಾರಿನ ಪುಡಿ) ಇರುತ್ತದೆ, ಒಳಗೆ ಹಸಿ ಆರುವುದೇ ಇಲ್ಲ. ಇವರು ಅದನ್ನು ಬಿಡಿಸಿ ಮಸಾರಿ ಮಣ್ಣು, ದಪ್ಪ ಮರಳು, ಎರೆಗೊಬ್ಬರ ಕೂಡಿಸಿ ಮತ್ತೆ ಹಚ್ಚಿ, ನೆರಳುಬಲೆಯ ಕೆಳಗೆ ಚಿಗುರೊಡೆದ ಮೇಲೆಯೇ ಮಾರುತ್ತಾರೆ. ಕೇಳಿದ ಕೂಡಲೇ ಒಂದು ಕುಂಡವನ್ನು ಅಂಗೈ ಮೇಲೆ ಬೋರಲು ಹಾಕಿ, ಬುಡ ತಟ್ಟಿ, ಬೇರು ತೋರಿಸಿದರು: ಬೆಳ್ಳಗೆ, ಮಣ್ಣಿನ ಅಂಚಿನವರೆಗೂ ಹರಡಿತ್ತು. ಎಲೆ ಉಜ್ಜಿದರೆ ಘಾಟು ವಾಸನೆ, ನಡುವೆ ಕಂದು ಉಂಗುರ. ನಮ್ಮ ಹಿತ್ತಲಿನ ಎರಿ ಮಣ್ಣಿಗೆ ಇಳಿಸಬೇಡಿ ಎಂದು ಬಾರಿ ಬಾರಿ ಹೇಳಿಯೇ ಕೊಟ್ಟರು. ಮೂಡಣ ಕಟ್ಟೆಯ ಮೇಲೆ ಮಣ್ಣಿನ ಕುಂಡದಲ್ಲಿಟ್ಟಿದ್ದೇನೆ, ಮಧ್ಯಾಹ್ನದ ಬಿಸಿಲು ತಾಗದು. ಬಾಡಿದ ಗೊಂಚಲನ್ನು ತೊಟ್ಟಿನ ಸಮೇತ ಮುರಿದರೆ ಹೊಸ ಮೊಗ್ಗು ಬರುತ್ತಲೇ ಇದೆ.

ಕೊರತೆಯೂ ಇದೆ. ಗಿಡಗಳಿಗೆ ಬಣ್ಣದ ಚೀಟಿ ಇಲ್ಲ. ಕೆಂಪು ಎಂದು ಕೊಟ್ಟದ್ದರಲ್ಲೊಂದು ತಿಳಿಗುಲಾಬಿಯಾಗಿ ಅರಳಿತು. ಬಣ್ಣ ಮುಖ್ಯವಾದವರು ಹೂವಿದ್ದಾಗಲೇ ಆರಿಸಿ. ಒಂದಕ್ಕೆ 150 ರೂಪಾಯಿ, ಬೇರೆ ಕಡೆಗಿಂತ ಹೆಚ್ಚೇ. ಆದರೆ ಬೇರು ನೋಡಿದ ಮೇಲೆ ನಾನು ಚೌಕಾಶಿ ಮಾಡಲಿಲ್ಲ. ಮಳೆಗಾಲದಲ್ಲಿ ಜೆರೇನಿಯಂ ಇಡುವುದಿಲ್ಲ, ದಸರಾ ದಾಟಿದ ಮೇಲೆ ಹೋಗಿ. ಫೋನ್‌ಪೇ ನಡೆಯುತ್ತದೆ, ಗಿಡ ಒಯ್ಯಲು ರಟ್ಟಿನ ಡಬ್ಬಿ ಮಾತ್ರ ನೀವೇ ತರಬೇಕು.