ಧಾರೆ ಸೀರೆಗೆ ವಾಲಗ ಸೂಪರ್, ಲೆಹೆಂಗಾಗೆ ಸುಮಾರು

ತಂಗಿ ಮದುವೆಗೆ ಮೈಸೂರಿನ ಒಂದು ವಾಲಗದ ತಂಡವನ್ನು ಕರೆಸಿದ್ದೆವು. ಬೆಳಗ್ಗೆ ವಾಲಗ, ಸಂಜೆ ಆರತಕ್ಷತೆಗೆ ಸ್ಯಾಕ್ಸೋಫೋನ್, ಎರಡೂ ಒಂದೇ ಪ್ಯಾಕೇಜ್.

ಬೆಳಗಿನದಕ್ಕೆ ಕಣ್ಣು ಮುಚ್ಚಿಕೊಂಡು ಐದು ಸ್ಟಾರ್. ಹುಡುಗಿ ಕೆಂಪು ಅಂಚಿನ ಬಿಳಿ ಧಾರೆ ಸೀರೆ ಉಟ್ಟು, ಬಾಸಿಂಗ ಕಟ್ಟಿಕೊಂಡು, ಸೋದರಮಾವನ ಜೊತೆ ಮಂಟಪಕ್ಕೆ ಬರುವಾಗ ನಾದಸ್ವರದವರು ಆನಂದಭೈರವಿ ರಾಗವನ್ನು ಎಷ್ಟು ನಿಧಾನವಾಗಿ ನುಡಿಸಿದರು ಅಂದರೆ, ಆ ಸೀರೆಗೂ ಆ ನಡಿಗೆಗೂ ಹೇಳಿ ಮಾಡಿಸಿದ ಹಾಗಿತ್ತು. ಪುರೋಹಿತರು ಕೈ ಎತ್ತಿದ್ದೇ ತಡ, ಗಟ್ಟಿಮೇಳ. ತಾಳಿ ಕಟ್ಟುವಾಗ ಕೆಟ್ಟ ಮಾತು ಕಿವಿಗೆ ಬೀಳಬಾರದು ಅಂತ ತಾನೇ ಅಷ್ಟು ಜೋರು? ಡೋಲಿನವರು ಆ ಕೆಲಸ ಚೆನ್ನಾಗಿಯೇ ಮಾಡಿದರು.

ಸಂಜೆ ಬೇರೆ ಕಥೆ. ತಂಗಿ ಜರ್ದೋಸಿ ಕೆಲಸದ ಭಾರಿ ಲೆಹೆಂಗಾ ಹಾಕಿದ್ದಳು, ಬೇಗ ನಡೆಯೋಕೂ ಆಗಲ್ಲ. ಇವರು ನೋಡಿದರೆ ಓಡುವ ಲಯದ ಸಿನಿಮಾ ಹಾಡು ಶುರು ಮಾಡಿದರು! ಸ್ಯಾಕ್ಸೋಫೋನ್ ತಪ್ಪಲ್ಲ ಬಿಡಿ, ಕದ್ರಿ ಗೋಪಾಲನಾಥ್ ಅದರಲ್ಲಿ ಕರ್ನಾಟಕ ಸಂಗೀತವನ್ನೇ ನುಡಿಸಿ ತೋರಿಸಿದವರು. ಇಲ್ಲಿ ಆಯ್ಕೆ ಸರಿ ಇರಲಿಲ್ಲ, ಸೌಂಡ್ ಜಾಸ್ತಿ. ಲೆಹೆಂಗಾಗೆ ತಬಲಾ, ಪಿಟೀಲು ಸಾಕಿತ್ತು. ತೆಳುವಾದ ಮೈಸೂರು ಸಿಲ್ಕ್ ಉಡುವವರಾದರೆ ಬರೀ ವೀಣೆ, ಕೊಳಲೂ ಚೆಂದ.

ಬುಕ್ ಮಾಡುವಾಗ ಬಟ್ಟೆಯ ಫೋಟೋ ತೋರಿಸಿ, ಹುಡುಗಿ ಒಳಗೆ ಬರುವಾಗ ಏನು ನುಡಿಸುತ್ತೀರಿ ಅಂತ ಕೇಳಿ. ವಾಲಗಕ್ಕೆ ಇವರನ್ನೇ ಕರೆಯಿರಿ, ಸಂಜೆಗೆ ಬೇರೆಯವರನ್ನು ನೋಡಿಕೊಳ್ಳಿ.